ಗುಡ್ಡಕ್ಕೂ ಗಜನಿಗೂ ನಡುವೆ

ಬೆಂಗಳೂರನ್ನು ತಡೆಯಲು ಕಡಲಿಲ್ಲ, ದೊಡ್ಡ ಹೊಳೆಯಿಲ್ಲ. ಸುಮಾರು 900 ಮೀಟರ್ ಎತ್ತರದ ಬಯಲಲ್ಲಿ ಅದು ದೇವನಹಳ್ಳಿಯ ಚಕ್ಕೋತದ ತೋಟ, ಆನೇಕಲ್ಲಿನ ರಾಗಿ ಹೊಲ ಎನ್ನದೆ ಸುತ್ತಲೂ ಹಬ್ಬಿತು. ಕರಾವಳಿಯ ಕುಮಟಾ ತಾಲೂಕಿನ ಹಿರೇಗುತ್ತಿಗೆ ಅಷ್ಟು ನೆಲವೇ ಇಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರಿನಂಚಿನ ತಗ್ಗು ಗದ್ದೆ. ನಡುವಿನ ಕಿರಿದಾದ ಪಟ್ಟಿಯಲ್ಲೇ ಮನೆ, ತೆಂಗು, ಗದ್ದೆ, ರಾಷ್ಟ್ರೀಯ ಹೆದ್ದಾರಿ 66. ಹೀಗಾಗಿ ಇಲ್ಲಿ ಪೇಟೆ ಬರುವುದು ರಸ್ತೆಯ ಗುಂಟ, ಗದ್ದೆಯ ಮೇಲೆಯೇ. ರಸ್ತೆ ಮಟ್ಟಕ್ಕೆ ಕೆಂಪು ಮಣ್ಣು ಸುರಿದರೆ ಸೈಟು ಸಿದ್ಧ. ಗುಡ್ಡದಿಂದ ಇಳಿದ ಮಳೆನೀರು ಮಾತ್ರ ದಾರಿ ಕಾಣದೆ ಪಕ್ಕದವನ ಗದ್ದೆಯಲ್ಲಿ ನಿಲ್ಲುತ್ತದೆ. ಅಳಿವೆಯ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ. ಆದರೆ ಕಟ್ಟೆ ಒಡೆದು ಉಪ್ಪುನೀರು ಹೊತ್ತಿಲ್ಲದ ಹೊತ್ತಿನಲ್ಲಿ ನುಗ್ಗಿದರೆ ಅದೂ ಉಳಿಯದು. ಇದರ ಮೇಲೆ, ರಾಜ್ಯದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಕೃಷಿಕರಲ್ಲದವರಿಗೂ ಹೊಲಗದ್ದೆ ಕೊಳ್ಳುವ ಬಾಗಿಲು ತೆರೆಯಿತು. ಮೈಲುಗಟ್ಟಲೆ ಬಯಲಿರುವ ಸೀಮೆಗೂ ಕೈಯಗಲದ ಕರಾವಳಿಗೂ ಒಂದೇ ಕಾನೂನು ಸಲ್ಲದು. ಇಲ್ಲಿ ಗದ್ದೆಗೆ ಮಣ್ಣು ತುಂಬಲು ಅನುಮತಿ ಕೊಡುವ ಮುನ್ನ ನೀರಿನ ದಾರಿಯ ನಕ್ಷೆಯನ್ನು ಪಂಚಾಯಿತಿಯ ಮುಂದಿಡಲೇಬೇಕು.