ಚಾಕೊಲೇಟಿಗೂ ವಯಸ್ಸಿನ ಪುರಾವೆಯೇ?

ಬ್ರಾಂದಿ ತುಂಬಿದ ಕ್ರಿಸ್‌ಮಸ್ ಚಾಕೊಲೇಟನ್ನು ಇಂಗ್ಲೆಂಡಿನಲ್ಲಿ ಮಕ್ಕಳೂ ಕೊಳ್ಳಬಹುದು, ಅಲ್ಲಿನ ಕಾನೂನು ನಿದ್ದೆ ಹೋಗಿದೆ ಎಂದು ಕಳೆದ ಸಂಚಿಕೆಯ ಲೇಖಕರು ಗುಡುಗಿದ್ದಾರೆ. ನಿದ್ದೆಯಲ್ಲ ಸ್ವಾಮಿ, ಎಚ್ಚರವಿದ್ದೇ ಕೈಬಿಟ್ಟದ್ದು. ಹದಿನಾರು ತುಂಬದವರಿಗೆ ಇದನ್ನು ಮಾರುವುದು 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲಿ ಅಪರಾಧವೇ ಆಗಿತ್ತು. 2015ರಲ್ಲಿ ಸಂಸತ್ತು ಆ ಕಲಮನ್ನೇ ಕಿತ್ತುಹಾಕಿತು.

ಇನ್ನು ‘ಮಕ್ಕಳಿಗೆ ನಶೆ’ಯ ಮಾತು. ಕಾಯ್ದೆಯ ಪ್ರಕಾರ ಒಂದು ಕಿಲೋ ಚಾಕೊಲೇಟಿನಲ್ಲಿ ಇರಬಹುದಾದ ಮದ್ಯ ಹೆಚ್ಚೆಂದರೆ 200 ಮಿಲಿಲೀಟರ್, ಅದರ ಆಲ್ಕೋಹಾಲ್ ಪ್ರಮಾಣ ಶೇ 57 ಮೀರುವಂತಿಲ್ಲ. ಈ ಗರಿಷ್ಠ ಮಿತಿಯನ್ನೇ ಹಿಡಿದರೂ 12 ಗ್ರಾಮಿನ ಒಂದು ತುಂಡಿನಲ್ಲಿ ಶುದ್ಧ ಆಲ್ಕೋಹಾಲ್ ಒಂದೂವರೆ ಮಿಲಿಲೀಟರಿಗೂ ಕಡಿಮೆ. ಶೇ 4ರ ಒಂದು ಪೈಂಟ್ ಬಿಯರಿಗೆ ಸಮ ಆಗಬೇಕಾದರೆ ಹದಿನೇಳು ತುಂಡು ನುಂಗಬೇಕು. ಅಷ್ಟು ತಿಂದ ಹುಡುಗನಿಗೆ ತಲೆಗಿಂತ ಮೊದಲು ಹೊಟ್ಟೆ ಕೆಡುತ್ತದೆ. ಅಗ್ಗದ ಬಿಯರು ಬಿಟ್ಟು ದುಬಾರಿ ಚಾಕೊಲೇಟಿಗೆ ದುಡ್ಡು ಸುರಿಯುವ ಕುಡುಕನನ್ನು ನಾನಂತೂ ಕಂಡಿಲ್ಲ.

ಒಂದು ಮಾತು ಒಪ್ಪುತ್ತೇನೆ. ಪುಡ್ಡಿಂಗ್ ಮೇಲೆ ಬ್ರಾಂದಿ ಸುರಿದು ಬೆಂಕಿ ಹಚ್ಚಿದರೆ ಮದ್ಯವೆಲ್ಲ ಉರಿದುಹೋಗುತ್ತದೆ ಎಂಬುದು ಸುಳ್ಳು. ಹೆಚ್ಚಿನ ಪಾಲು ಉಳಿದೇ ಇರುತ್ತದೆ. ಪುಡ್ಡಿಂಗ್ ಆಗಲಿ ಚಾಕೊಲೇಟ್ ಆಗಲಿ, ಒಳಗೆ ಮದ್ಯವಿದೆ ಎಂಬುದು ಮದ್ಯ ಮುಟ್ಟದವರಿಗೆ, ಕುಡಿತ ಬಿಟ್ಟವರಿಗೆ ಗೊತ್ತಾಗಬೇಕು. ಅದಕ್ಕೆ ಪೊಟ್ಟಣದ ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಬರೆಯಲಿ. ಗಲ್ಲಾಪೆಟ್ಟಿಗೆಯ ಹುಡುಗಿ ಯಾರ ಜನ್ಮದಿನಾಂಕವನ್ನೂ ಕೇಳಬೇಕಿಲ್ಲ.