ರಸ್ತೆಗಿಳಿದ ಹಾಯಿದೋಣಿ



ನಮ್ಮ ಕರಾವಳಿಯಲ್ಲಿ ನಾಡದೋಣಿಯನ್ನು ದಡಕ್ಕೆ ಎಳೆಯುವ ನೋಟ ನಿಮಗೆ ಹೊಸದಲ್ಲ. ಎರಡೂ ಬದಿಯಲ್ಲಿ ಜನ ನಿಂತು, ಒಂದೇ ದನಿಯಲ್ಲಿ ಕೂಗುತ್ತಾ ಎಳೆದರೆ ದೋಣಿ ಮರಳಿನ ಮೇಲೆ ಬಂದು ಸುಮ್ಮನೆ ಕೂರುತ್ತದೆ. ಆದರೆ ಎಲ್ಲ ದೋಣಿಗಳೂ ಹೀಗೆ ಕೂರುವುದಿಲ್ಲ. ಕೀಲ್ ಇರುವ ಹಾಯಿದೋಣಿಯನ್ನು ಮರಳಿಗೆ ತಂದರೆ ಅದು ಮಗ್ಗುಲಿಗೆ ಬೀಳುತ್ತದೆ.

ಕೀಲ್ ಎಂದರೆ ನಮ್ಮ ಬಾಗಿಲ ಕೀಲಲ್ಲ. ದೋಣಿಯ ತಳದಿಂದ ನೀರಿನೊಳಕ್ಕೆ ಇಳಿಬಿದ್ದ, ಕಬ್ಬಿಣದ ಅಥವಾ ಸೀಸದ ಭಾರವಾದ ರೆಕ್ಕೆ ಅದು. ಗಾಳಿ ಹಾಯಿಯನ್ನು ಒಂದು ಕಡೆಗೆ ತಳ್ಳುವಾಗ ದೋಣಿ ಮಗುಚದಂತೆ, ಅಡ್ಡಕ್ಕೆ ಜಾರದಂತೆ ಹಿಡಿದು ನಿಲ್ಲಿಸುವುದು ಅದೇ. ನೀರಿನಲ್ಲಿ ಕಾಪಾಡುವ ಆ ಭಾಗವೇ ನೆಲದ ಮೇಲೆ ತೊಡಕಾಗುತ್ತದೆ. ಅಂಥ ದೋಣಿಯನ್ನು ಕಾರಿನ ಹಿಂದೆ ಟ್ರೇಲರ್ ಕಟ್ಟಿ ನೂರಾರು ಕಿಲೋಮೀಟರ್ ಎಳೆದೊಯ್ಯುವುದು ಹೇಗೆ ಎಂಬುದನ್ನು ಈ ತಿಂಗಳು ನೋಡೋಣ.

ಅಮೆರಿಕದಲ್ಲಿ ಸಮುದ್ರದಿಂದ ದೂರ ಇರುವ ಅನೇಕ ಕುಟುಂಬಗಳು ದೋಣಿಯನ್ನು ಮನೆಯ ಹಿತ್ತಲಲ್ಲೇ ಇಟ್ಟುಕೊಂಡು, ರಜೆ ಬಂದಾಗ ಕೆರೆ-ಸರೋವರಗಳಿಗೆ ಎಳೆದೊಯ್ಯುತ್ತವೆ. ಇಂಥವರಿಗೆಂದೇ ಫ್ರಾಂಕ್ ಬಟ್ಲರ್ ಎಂಬವರು ‘ಕ್ಯಾಟಲೀನಾ 22’ ಎಂಬ ದೋಣಿಯನ್ನು ರೂಪಿಸಿದರು. ಉದ್ದ ಸುಮಾರು 21.5 ಅಡಿ, ಅಗಲ ಏಳೂಮುಕ್ಕಾಲು ಅಡಿಯೊಳಗೆ. ವಿಶೇಷ ಪರವಾನಗಿಯಿಲ್ಲದೆ ಅಲ್ಲಿನ ಹೆದ್ದಾರಿಯಲ್ಲಿ ಸಾಗಿಸಬಹುದಾದ ಅಗಲ 8.5 ಅಡಿ, ಹಾಗಾಗಿ ಇದು ಸರಾಗವಾಗಿ ಹೋಗುತ್ತದೆ. ಇದರ ಒಂದು ಮಾದರಿಯಲ್ಲಿ ಸುಮಾರು 250 ಕಿಲೋ ತೂಕದ ಕಬ್ಬಿಣದ ಕೀಲನ್ನು ರಾಟೆ ತಿರುಗಿಸಿ ಮೇಲೆತ್ತಬಹುದು. ಕೆಳಗಿಳಿಸಿದರೆ ದೋಣಿಗೆ ಐದು ಅಡಿ ನೀರು ಬೇಕು, ಎತ್ತಿದರೆ ಎರಡೇ ಅಡಿ ಸಾಕು.

ಮೊದಲ ಪ್ರಶ್ನೆ, ಭಾರ ಎಲ್ಲಿ ಕೂರಬೇಕು ಎಂಬುದು. ಕೀಲ್ ಸ್ಥಿರವಾಗಿರುವ ದೋಣಿಯಾದರೆ ಭಾರವೆಲ್ಲ ಕೀಲಿನ ಮೇಲೆಯೇ ನಿಲ್ಲಬೇಕು. ಎರಡೂ ಬದಿಯ ಮೆತ್ತೆಯ ಆಧಾರಗಳು ದೋಣಿ ವಾಲದಂತೆ ಹಿಡಿಯಲು ಮಾತ್ರ. ಗಟ್ಟಿಯಾಗಿರಲಿ ಎಂದು ಅವುಗಳನ್ನೇ ಬಿಗಿದು ಭಾರ ಹೊರಿಸಿದರೆ ದೋಣಿಯ ಮೈ ಒಳಕ್ಕೆ ತಗ್ಗುತ್ತದೆ. ಕೀಲ್ ಎತ್ತುವ ದೋಣಿಯಾದರೆ ಅದರ ಮೈ ಉದ್ದನೆಯ ಮರದ ಹಲಗೆಗಳ ಮೇಲೆ ಕೂರುತ್ತದೆ. ಆಗ ಕೀಲನ್ನು ತಂತಿಹಗ್ಗದಲ್ಲಿ ತೂಗಾಡಲು ಬಿಡದೆ, ಟ್ರೇಲರಿನ ಆಧಾರದ ಮೇಲೆ ಇಳಿಸಬೇಕು. ಇಲ್ಲದಿದ್ದರೆ ರಸ್ತೆಯ ಪ್ರತಿಯೊಂದು ಗುಂಡಿಯ ಏಟೂ ಆ ಹಗ್ಗಕ್ಕೆ ಬೀಳುತ್ತದೆ.

ಎರಡನೆಯದು ಸಮತೋಲ. ದೋಣಿ, ಟ್ರೇಲರ್, ಸಾಮಾನು ಎಲ್ಲ ಸೇರಿ ಒಂದೂವರೆ ಟನ್ ಸಮೀಪಿಸುತ್ತದೆ. ಇದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿಗೆ ಕೊಂಡಿ ಹಾಕುವ ಜಾಗದ ಮೇಲೆ ಒತ್ತಬೇಕು, ಅಂದರೆ 150ರಿಂದ 225 ಕಿಲೋ. ಹಿಂಬದಿಗೆ ಎಂಜಿನ್, ಪೆಟ್ರೋಲ್ ಡಬ್ಬ, ಲಂಗರು ಎಲ್ಲವನ್ನೂ ತುಂಬಿದರೆ ಮುಂಭಾಗ ಹಗುರಾಗುತ್ತದೆ. ವೇಗ ಹೆಚ್ಚಿದಂತೆ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ, ಕಾರನ್ನೂ ಎಳೆದಾಡುತ್ತದೆ. ಆಗ ಗಾಬರಿಯಿಂದ ಬ್ರೇಕ್ ತುಳಿಯಬಾರದು, ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲೂ ಹೋಗಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಆದರೆ ಇದಕ್ಕೆ ನಿಜವಾದ ಮದ್ದು ಹೊರಡುವ ಮುನ್ನವೇ ಸಾಮಾನನ್ನು ಮುಂದಕ್ಕೆ ಸರಿಸಿ, ವೇಬ್ರಿಡ್ಜ್‌ನಲ್ಲಿ ತೂಗಿ ನೋಡುವುದು.

ಮೂರನೆಯದು ಚಕ್ರ. ವರ್ಷದಲ್ಲಿ ಹನ್ನೊಂದು ತಿಂಗಳು ನಿಂತೇ ಇರುವ ಟ್ರೇಲರಿನ ಟಯರು ಸವೆಯುವುದಿಲ್ಲ, ಬಿಸಿಲಿಗೆ ಬಿರುಕು ಬಿಡುತ್ತದೆ. ಹೂವು ಚೆನ್ನಾಗಿ ಕಾಣುತ್ತದೆಂದು ನಂಬಿ ಹೊರಟರೆ ಬಿಸಿ ರಸ್ತೆಯಲ್ಲಿ ಸಿಡಿಯುತ್ತದೆ. ಬೇರಿಂಗಿನ ಕಥೆ ಇನ್ನೊಂದು. ದೂರ ಓಡಿ ಕಾದ ಚಕ್ರದ ಗುಂಭವನ್ನು ಕೂಡಲೇ ತಣ್ಣೀರಿಗೆ ಇಳಿಸಿದರೆ, ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಹೀರುತ್ತದೆ; ಗ್ರೀಸ್ ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದು ಮುರಿಯುವುದು ಅಂದಲ್ಲ, ಮುಂದೆಂದೋ ಮನೆಗೆ ಮರಳುವ ದಾರಿಯಲ್ಲಿ. ಆದ್ದರಿಂದ ಅನುಭವಿಗಳು ನೀರಿನ ಬಳಿ ಅರ್ಧ ಗಂಟೆ ಸುಮ್ಮನೆ ಕಾಯುತ್ತಾರೆ. ಹೊರಟ ಹತ್ತಿಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ, ಬಿಗಿದ ಪಟ್ಟಿ ಸಡಿಲವಾಗಿದೆಯೇ ಎಂದು ನೋಡುತ್ತಾರೆ, ಚಕ್ರದ ಗುಂಭದ ಹತ್ತಿರ ಕೈ ಒಯ್ದು ಬಿಸಿ ಎಷ್ಟೆಂದು ಅಂದಾಜು ಮಾಡುತ್ತಾರೆ.

ನಾಲ್ಕನೆಯದನ್ನು ನಾವು ಒತ್ತಿ ಹೇಳಬೇಕು, ಏಕೆಂದರೆ ಇದರಲ್ಲಿ ಜೀವವೇ ಇದೆ. ಹಾಯಿಕಂಬ ಇಪ್ಪತ್ತೈದು ಅಡಿಯಷ್ಟು ಉದ್ದದ ಅಲ್ಯೂಮಿನಿಯಂ. ದಾರಿಯುದ್ದಕ್ಕೂ ಅದನ್ನು ಮಲಗಿಸಿ ಕಟ್ಟಿರುತ್ತಾರೆ. ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ. ಸರೋವರ ತಲುಪಿ ಮಕ್ಕಳು ಅವಸರ ಮಾಡುವಾಗ, ಕಂಬವನ್ನು ಎಬ್ಬಿಸಿ, ನಿಂತ ಕಂಬದೊಂದಿಗೇ ಟ್ರೇಲರನ್ನು ನೀರಿನ ಕಡೆಗೆ ದೂಡುತ್ತಾರೆ. ಎಲ್ಲರ ಕಣ್ಣೂ ಚಕ್ರದ ಮೇಲೆ. ಮೇಲಿನ ವಿದ್ಯುತ್ ತಂತಿಯನ್ನು ಯಾರೂ ನೋಡಿರುವುದಿಲ್ಲ. ಹೀಗೆ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ‘ಹೋಬಿ 16’ ಎಂಬ ಜನಪ್ರಿಯ ಹಾಯಿದೋಣಿಯ ಕಂಬದ ಮೇಲ್ತುದಿಯನ್ನು 1980ರ ದಶಕದಲ್ಲಿ ವಿದ್ಯುತ್ ಹರಿಯದ ಫೈಬರ್‌ಗ್ಲಾಸಿಗೆ ಬದಲಿಸಿದ್ದು ಇಂಥ ದುರಂತಗಳ ಕಾರಣದಿಂದಲೇ. ಕಂಬ ಎತ್ತುವ ಮುನ್ನ ಒಬ್ಬರು ತಲೆಯೆತ್ತಿ, ಅಲ್ಲಿಂದ ನೀರಿನವರೆಗಿನ ದಾರಿಯನ್ನು ಪೂರ್ತಿ ನಡೆದು ನೋಡಬೇಕು.

ನಮ್ಮಲ್ಲಿ ಹಾಯಿದೋಣಿ ಎಳೆಯುವವರು ಎಷ್ಟು ಮಂದಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹಬ್ಬದ ಪೆಂಡಾಲಿನ ಕಂಬಗಳನ್ನು ಪಿಕಪ್‌ನಲ್ಲಿ ತರುವವರು ನಾವೇ. ಅಡಿಕೆ ತೋಟಕ್ಕೆ ಅಲ್ಯೂಮಿನಿಯಂ ಏಣಿ, ಉದ್ದನೆಯ ದೋಟಿ ಒಯ್ಯುವವರು ನಾವೇ. ಮನೆ ಕಟ್ಟುವ ಸರಳನ್ನು ಗೂಡ್ಸ್ ಆಟೋದಲ್ಲಿ ಹೇರಿ, ಹಿಂದೆ ಅಷ್ಟುದ್ದ ಚಾಚಿಕೊಂಡು, ಸಂಜೆಗತ್ತಲಲ್ಲಿ ಬರುವವರೂ ನಾವೇ. ಭಾರ ಎಲ್ಲಿ ಕೂತಿದೆ, ಕಟ್ಟು ಸಡಿಲವಾಗಿದೆಯೇ, ಚಕ್ರ ಹೇಗಿದೆ, ತಲೆಯ ಮೇಲೆ ತಂತಿ ಇದೆಯೇ? ಈ ನಾಲ್ಕು ಪ್ರಶ್ನೆಗಳು ಅಲ್ಲಿಗೂ ಇಲ್ಲಿಗೂ ಒಂದೇ.

ನಾವು ಎಳೆಯುವ ಭಾರದ ಹಿಂದೆ ಇನ್ನೊಂದು ಕುಟುಂಬ ಬೈಕಿನಲ್ಲಿ ಬರುತ್ತಿರುತ್ತದೆ. ಅವರ ಹೆಸರು ನಮಗೆ ತಿಳಿದಿರುವುದಿಲ್ಲ; ನಾವು ಹಗ್ಗವನ್ನು ಹೇಗೆ ಕಟ್ಟಿದ್ದೇವೆಂಬುದು ಅವರಿಗೂ ತಿಳಿದಿರುವುದಿಲ್ಲ. ಹೊರಡುವ ಮುನ್ನ ಮನೆಯ ಮಕ್ಕಳನ್ನೂ ಕರೆದು ವಾಹನದ ಸುತ್ತ ಒಂದು ಸುತ್ತು ಬನ್ನಿ. ಅವರ ಕಣ್ಣು ಚುರುಕು. ನಮಗೆ ಕಾಣದ ಸಡಿಲ ಗಂಟು ಅವರಿಗೆ ಕಾಣುತ್ತದೆ. ಮುಂದಿನ ತಿಂಗಳು ಮತ್ತೆ ಸೇರೋಣ.