ತಾಯ್ನುಡಿಯ ಪುಸ್ತಕ ಕೊಟ್ಟರೆ ವಲಸಿಗರು ಊರಿನ ಭಾಷೆ ಕಲಿಯುವುದಿಲ್ಲವೇ?

"ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅಂದರೆ ಮಗುವಿಗೆ ಗೊಂದಲ. ಸುಮ್ಮನೆ ಇಂಗ್ಲಿಷಿನಲ್ಲೇ ಮಾತಾಡಿ." ವಿದೇಶದಲ್ಲಿ ಮಕ್ಕಳು-ಮೊಮ್ಮಕ್ಕಳು ಇರುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಂಥ ಸಲಹೆ ಆಗಾಗ ಓಡಾಡುತ್ತದೆ. ಇದಕ್ಕೆ ಜೊತೆಯಾಗಿ ಇನ್ನೊಂದು ಮಾತಿದೆ. ಅದನ್ನು ಆ ದೇಶಗಳ ಕೆಲವರು ಹೇಳುತ್ತಾರೆ: "ನಮ್ಮ ತೆರಿಗೆ ಹಣದಲ್ಲಿ ಲೈಬ್ರರಿಯವರು ವಲಸಿಗರ ಭಾಷೆಯ ಪುಸ್ತಕ ಯಾಕೆ ಕೊಳ್ಳಬೇಕು? ಹೀಗೆ ಕೊಡುತ್ತಾ ಹೋದರೆ ಅವರು ನಮ್ಮ ಭಾಷೆ ಕಲಿಯುವುದೇ ಇಲ್ಲ."

ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ. ತಲೆಯಲ್ಲಿರುವ ಜಾಗ ಇಷ್ಟೇ, ಹೊಸ ಭಾಷೆ ಒಳಗೆ ಬರಬೇಕಾದರೆ ಹಳೆಯದು ಹೊರಗೆ ಹೋಗಬೇಕು ಎನ್ನುವುದು. ಇದು ನಿಜವೇ?

ಒಂದೇ ಸೂರಿನಡಿ ಎರಡೂ

ಮೊದಲು ಲೈಬ್ರರಿಯೊಂದನ್ನೇ ನೋಡೋಣ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಮೆರಿಕದ ಹೊರಗೆ ಹುಟ್ಟಿದವರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯ 1977ರಲ್ಲಿ 'ನ್ಯೂ ಅಮೆರಿಕನ್ಸ್ ಪ್ರೋಗ್ರಾಂ' ಎಂಬ ಯೋಜನೆ ಶುರು ಮಾಡಿತು. ವಲಸೆ ಬಂದವರಿಗೆ ಅವರವರ ಭಾಷೆಯ ಪುಸ್ತಕ ಒದಗಿಸುವುದು ಅದರ ಕೆಲಸಗಳಲ್ಲಿ ಒಂದು. ಅದೇ ಗ್ರಂಥಾಲಯ ಉಚಿತವಾಗಿ ಇಂಗ್ಲಿಷ್ ತರಗತಿಗಳನ್ನೂ ನಡೆಸುತ್ತದೆ.

ಅಂದರೆ, ತಾಯ್ನುಡಿಯ ಕಾದಂಬರಿ ಹುಡುಕಿಕೊಂಡು ಬಂದವರಿಗೆ ಇಂಗ್ಲಿಷ್ ತರಗತಿಯ ದಾರಿಯೂ ಅಲ್ಲೇ ಸಿಗುತ್ತದೆ. ಭಾಷೆ ಬಾರದ ಊರಿನಲ್ಲಿ ಸರ್ಕಾರಿ ಕಟ್ಟಡದೊಳಗೆ ಕಾಲಿಡಲು ಹಿಂಜರಿಕೆ ಇರುತ್ತದೆ. ಓದಲು ಬರುವ ನಾಲ್ಕು ಅಕ್ಷರ ಕಂಡರೆ ಆ ಹಿಂಜರಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಕೆನಡಾದ ಟೊರಾಂಟೊ ನಗರದ ಗ್ರಂಥಾಲಯಗಳಲ್ಲೂ ತಮಿಳು, ಗುಜರಾತಿ, ಪಂಜಾಬಿ ಪುಸ್ತಕಗಳ ಕಪಾಟುಗಳಿವೆ. ಸ್ವೀಡನ್ ಇನ್ನೂ ಮುಂದೆ ಹೋಗಿದೆ. 2014ರಿಂದ ಜಾರಿಯಲ್ಲಿರುವ ಅಲ್ಲಿನ ಗ್ರಂಥಾಲಯ ಕಾಯ್ದೆಯ ಪ್ರಕಾರ, ಸ್ವೀಡಿಷ್ ತಾಯ್ನುಡಿಯಲ್ಲದ ಜನರ ಕಡೆಗೆ ಗ್ರಂಥಾಲಯಗಳು ವಿಶೇಷ ಗಮನ ಕೊಡಬೇಕು.

ಹಾಗೆಯೇ, ತೆರಿಗೆಯ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. ವಲಸೆ ಬಂದವರೂ ದುಡಿದು ತೆರಿಗೆ ಕಟ್ಟುತ್ತಾರೆ. ಆ ಪುಸ್ತಕಕ್ಕೆ ಹೋದ ಹಣದಲ್ಲಿ ಅವರದ್ದೂ ಪಾಲಿದೆ.

ಈ ನಂಬಿಕೆ ಒಮ್ಮೆ ಕಾನೂನೇ ಆಗಿತ್ತು

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾದಾಗ ಅಮೆರಿಕದ ಹಲವು ಗ್ರಂಥಾಲಯಗಳು ಜರ್ಮನ್ ಪುಸ್ತಕಗಳನ್ನು ಕಪಾಟಿನಿಂದ ತೆಗೆದುಹಾಕಿದವು. 1919ರಲ್ಲಿ ನೆಬ್ರಾಸ್ಕಾ ರಾಜ್ಯವು ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ವಿದೇಶಿ ಭಾಷೆ ಕಲಿಸುವುದನ್ನೇ ನಿಷೇಧಿಸಿತು. ಮಕ್ಕಳು ಇಂಗ್ಲಿಷನ್ನೇ ತಾಯ್ನುಡಿಯಾಗಿ ಮಾಡಿಕೊಂಡು ಬೆಳೆಯಲಿ ಎನ್ನುವುದು ಅದರ ಉದ್ದೇಶ. 1920ರಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1923ರಲ್ಲಿ ಕೋರ್ಟ್ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

ಅದೇ ಕಾಲದ ಕೆಲವು ಬುದ್ಧಿಮತ್ತೆ ಪರೀಕ್ಷೆಗಳೂ ಈ ನಂಬಿಕೆಗೆ ನೀರೆರೆದವು. ಆಗಷ್ಟೇ ವಲಸೆ ಬಂದ ಬಡ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟು, ಅಂಕ ಕಡಿಮೆ ಬಂದಾಗ ಎರಡು ಭಾಷೆಯೇ ಕಾರಣ ಎಂದುಬಿಟ್ಟರು. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎಂಬ ಸಂಶೋಧಕರು ಮಾಂಟ್ರಿಯಲ್‌ನಲ್ಲಿ ಒಂದೇ ರೀತಿಯ ಆರ್ಥಿಕ ಹಿನ್ನೆಲೆಯ ಮಕ್ಕಳನ್ನು ಹೋಲಿಸಿ ನೋಡಿದರು. ಎರಡು ಭಾಷೆ ಬಲ್ಲ ಮಕ್ಕಳು ಹಿಂದೆ ಬಿದ್ದಿರಲಿಲ್ಲ.

ಓದುವ ಕಲೆ ಒಂದು ಭಾಷೆಗೆ ಮಾತ್ರ ಅಂಟಿಕೊಂಡಿಲ್ಲ

ಸೌದೆ ಒಲೆಯಲ್ಲಿ ಅಡುಗೆ ಕಲಿತವರು ಗ್ಯಾಸ್ ಒಲೆಯ ಮುಂದೆ ನಿಂತಾಗ ಅಡುಗೆಯನ್ನು ಮೊದಲಿನಿಂದ ಕಲಿಯುವುದಿಲ್ಲ. ಒಲೆ ಹಚ್ಚುವುದನ್ನಷ್ಟೇ ಕಲಿಯುತ್ತಾರೆ. ಓದು ಕೂಡ ಹೀಗೆಯೇ. ಕಥೆಯ ಎಳೆ ಹಿಡಿಯುವುದು, ಗೊತ್ತಿಲ್ಲದ ಪದದ ಅರ್ಥವನ್ನು ವಾಕ್ಯದಿಂದ ಊಹಿಸುವುದು, ಮುಖ್ಯವಾದದ್ದನ್ನು ಆರಿಸಿಕೊಳ್ಳುವುದು ಇವೆಲ್ಲ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ನೆರವಾಗುತ್ತವೆ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಈ ವಿಚಾರವನ್ನು ಸಿದ್ಧಾಂತವಾಗಿ ಮಂಡಿಸಿದರು. ಹಲವು ಅಧ್ಯಯನಗಳನ್ನು ಪರಿಶೀಲಿಸಿದ ಅಮೆರಿಕದ ತಜ್ಞರ ಸಮಿತಿಯೊಂದು 2006ರಲ್ಲಿ, ತಾಯ್ನುಡಿಯ ಓದು-ಬರಹ ಇಂಗ್ಲಿಷ್ ಓದಿಗೆ ನೆರವಾಗಬಲ್ಲದು ಎಂದು ವರದಿ ಕೊಟ್ಟಿತು.

ಕನ್ನಡ ಮತ್ತು ಇಂಗ್ಲಿಷಿನಂತೆ ಲಿಪಿ ಬೇರೆಯಾದಾಗ ಅಕ್ಷರಗಳನ್ನು ಹೊಸದಾಗಿಯೇ ಕಲಿಯಬೇಕು, ನಿಜ. ತಾಯ್ನುಡಿಯ ಪುಸ್ತಕವೊಂದೇ ಊರಿನ ಭಾಷೆಯನ್ನು ಕಲಿಸುವುದೂ ಇಲ್ಲ. ಅದಕ್ಕೆ ತರಗತಿ ಬೇಕು, ಮಾತಾಡುವ ಅವಕಾಶ ಬೇಕು. ಆದರೆ ಪುಸ್ತಕ ಅದಕ್ಕೆ ಅಡ್ಡಿಯಾಗುತ್ತದೆ ಎನ್ನಲು ಆಧಾರವಿಲ್ಲ.

ಎರಡು ಭಾಷೆಯಿಂದ ಮಗುವಿನ ಮಾತು ತಡವಾಗುತ್ತದೆ ಎನ್ನುವುದಕ್ಕೂ ಪುರಾವೆ ಇಲ್ಲ. ಮಾತು ತೀರಾ ತಡವಾದರೆ ಭಾಷೆಯನ್ನು ದೂರುತ್ತಾ ಕೂರಬೇಡಿ. ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ.

ಇದಕ್ಕೆ ವಿರುದ್ಧವಾದ ಫಾರ್ವರ್ಡ್ ಕೂಡ ಇದೆ: "ಎರಡು ಭಾಷೆ ಬಂದರೆ ಬುದ್ಧಿ ದುಪ್ಪಟ್ಟು!" ಗಮನ, ಏಕಾಗ್ರತೆಯಲ್ಲಿ ಲಾಭವಿದೆ ಎಂದು ಕೆಲವು ಅಧ್ಯಯನಗಳು ಹೇಳಿದ್ದವು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಅದನ್ನೂ ಫಾರ್ವರ್ಡ್ ಮಾಡಬೇಡಿ.

ಕಪಾಟಿನಲ್ಲಿ ಕನ್ನಡ ಉಳಿಯಬೇಕಾದರೆ

ಲೈಬ್ರರಿಗಳು ಯಾವ ಭಾಷೆಯ ಪುಸ್ತಕ ಕೊಳ್ಳಬೇಕೆಂದು ತೀರ್ಮಾನಿಸುವಾಗ ಸುತ್ತಲಿನ ಜನಸಂಖ್ಯೆ, ಬಂದ ಬೇಡಿಕೆ, ಎಷ್ಟು ಬಾರಿ ಎರವಲು ಹೋಯಿತು ಎಂಬುದನ್ನೆಲ್ಲ ನೋಡುತ್ತವೆ. ಯಾರೂ ಮುಟ್ಟದ ಪುಸ್ತಕ ಕೆಲವು ವರ್ಷಗಳಲ್ಲಿ ಕಪಾಟಿನಿಂದ ಇಳಿಯುತ್ತದೆ. ಆದ್ದರಿಂದ ವಿದೇಶದಲ್ಲಿರುವ ನಿಮ್ಮವರಿಗೆ ಹೇಳಿ: ಕನ್ನಡ ಪುಸ್ತಕ ಬೇಕೆಂದು ಕೇಳಿ, ಇದ್ದರೆ ಎರವಲು ಪಡೆಯಿರಿ, ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತೀರಾ ಎಂದು ವಿಚಾರಿಸಿ.

ಹುಡುಕುವಾಗ ಒಂದು ಕಿವಿಮಾತು. ಅಮೆರಿಕದ ಗ್ರಂಥಾಲಯಗಳ ಪಟ್ಟಿಯಲ್ಲಿ ಕನ್ನಡ ಶೀರ್ಷಿಕೆಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ನಿಗದಿತ ಪದ್ಧತಿಯಂತೆ ಬರೆದಿರುತ್ತಾರೆ. ಅದರಲ್ಲಿ 'ಚ'ಕಾರಕ್ಕೆ 'ಸಿ' ಅಕ್ಷರವೊಂದೇ, 'ಎಚ್' ಸೇರುವುದಿಲ್ಲ. 'ಚೋಮನ ದುಡಿ'ಯನ್ನು 'ಸಿ-ಎಚ್' ಹಾಕಿ ಹುಡುಕಿ ಸಿಗದಿದ್ದರೆ, ಬರಿಯ 'ಸಿ' ಹಾಕಿ ನೋಡಿ.

ನಮ್ಮ ಊರಿನ ಕಪಾಟು

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ ಜನರ ತಾಯ್ನುಡಿ ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು, ತಮಿಳು, ಮರಾಠಿ ಮಾತಾಡುವವರೆಲ್ಲ ಇದರಲ್ಲಿ ಸೇರಿದ್ದಾರೆ. ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಬೇರೆ ಭಾಷೆಗಳ ಪುಸ್ತಕಗಳಿವೆ. ಅವು ಕಂಡಾಗ "ಇವರು ಹೀಗೇ ಓದುತ್ತಿದ್ದರೆ ಕನ್ನಡ ಕಲಿಯುವುದು ಯಾವಾಗ?" ಎಂದು ನಮಗೂ ಅನ್ನಿಸಬಹುದು. ಕ್ವೀನ್ಸ್‌ನ ಪಾಠ ಇಲ್ಲಿಗೂ ಹೊಂದುತ್ತದೆ. ಆ ಪುಸ್ತಕದ ಪಕ್ಕದಲ್ಲೇ ಸುಲಭವಾಗಿ ಕನ್ನಡ ಕಲಿಸುವ ಪುಸ್ತಕ ಇರಲಿ, ವಾರಕ್ಕೊಂದು ಕನ್ನಡ ತರಗತಿ ನಡೆಯಲಿ. ಪುಸ್ತಕ ಹುಡುಕಿಕೊಂಡು ಬಂದವರು ಕಲಿಯಲೂ ಕೂರಬಹುದು.

ಇನ್ನು ಮೊದಲಿನ ಫಾರ್ವರ್ಡ್ ವಿಷಯ. ಶಾಲೆ, ಗೆಳೆಯರು, ಟಿವಿ ಎಲ್ಲವೂ ಇಂಗ್ಲಿಷಿನಲ್ಲಿರುವ ಊರಿನಲ್ಲಿ ಬೆಳೆಯುವ ಮಗು ಇಂಗ್ಲಿಷ್ ಕಲಿಯದೆ ಉಳಿಯುವುದು ಅಪರೂಪ. ಕಳೆದುಹೋಗುವುದು ಮನೆಯ ಭಾಷೆ. ಅದು ಹೋದರೆ ಅಜ್ಜಿ ಫೋನ್ ಮಾಡಿದಾಗ ಮೊಮ್ಮಗಳು "ಹಾಯ್ ಅಜ್ಜಿ" ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಾಳೆ. ಆ ಸಲಹೆ ನಿಮ್ಮ ಗ್ರೂಪಿಗೆ ಮತ್ತೆ ಬಂದಾಗ ಇದನ್ನು ನೆನಪಿಡಿ.